ಕೆಳಗಿನ ದಾರಿಗೆ ಕೆನ್ನೆಯ ತೇಪೆ

ಒಂದಕ್ಕೆ ಹೋಗೋಕೆ ಕಷ್ಟ ಅಂತ ಹೋದವನಿಗೆ ಡಾಕ್ಟ್ರು "ಬಾಯಿ ತೆಗೀರಿ" ಅಂದ್ರು. ತಪ್ಪು ರೂಮಿಗೆ ಬಂದ್ನಾ ಅಂತ ಬಾಗಿಲ ಬೋರ್ಡ್ ನೋಡಿದೆ. ಯೂರೊಲಜಿ ಅಂತಲೇ ಇತ್ತು.

ನಮಸ್ಕಾರ. ನಾನು ಮೂಡಿಗೆರೆ ಕಡೆಯವನು, ಸಣ್ಣ ಕಾಫಿ ತೋಟ. ಮೆಣಸು ಕುಯ್ಯುವಾಗ ಏಣಿ ಜಾರಿ, ಕೊಂಬೆಯೊಂದರ ಮೇಲೆ ಕುದುರೆ ಹತ್ತಿದ ಹಾಗೆ ಬಿದ್ದಿದ್ದೆ. ಆವತ್ತು ಸ್ವಲ್ಪ ರಕ್ತ ಬಂತು, ನಿಂತಿತು, ಮರೆತೆ. ಹಂಗೆ ಬಿದ್ದಾಗ ಮೂತ್ರದ ದಾರಿ ಮೂಳೆಗೆ ಒತ್ತಿ ಜಜ್ಜಿಹೋಗುತ್ತೆ, ಮಾಯುವಾಗ ಗಟ್ಟಿಯಾಗಿ ಕಿರಿದಾಗುತ್ತೆ. ಅದೇ ಸ್ಟ್ರಿಕ್ಚರ್. ವರ್ಷಗಳಾದ ಮೇಲೆ ಧಾರೆ ದಾರದಷ್ಟಾಯ್ತು.

ಮೊದಲು ಹೋದ ಆಸ್ಪತ್ರೆಯಲ್ಲಿ, ಹೆಸರು ಬೇಡ, ಸಲಾಕೆ ತೂರಿಸಿ ಅಗಲ ಮಾಡಿದ್ರು. ಆರು ತಿಂಗಳು ಸುಖ. ಮತ್ತೆ ಅದೇ. ಸಣ್ಣ ಸ್ಟ್ರಿಕ್ಚರಿಗೆ ಒಂದ್ಸಲ ಮಾಡಿ ನೋಡೋದು ಸರಿ. ಮೂರನೇ ಸಲಕ್ಕೂ ಅದನ್ನೇ ಮಾಡೋದು ರೋಗಿಗೆ ಮಾಡೋ ಮೋಸ ಅನ್ನೋದು ನನ್ನ ಅಭಿಪ್ರಾಯ. ಪ್ರತಿ ಸಲವೂ ಹೊಸ ಗಾಯ ತಾನೇ?

ಸ್ಟ್ರಿಕ್ಚರಿನ ಉದ್ದ 2 ಸೆಂಟಿಮೀಟರ್ ಒಳಗಿದ್ರೆ, ಅದೂ ಬುಡದ ಕಡೆ ಇದ್ರೆ, ಕೆಟ್ಟ ಭಾಗ ಕತ್ತರಿಸಿ ತುದಿ ತುದಿ ಸೇರಿಸಿ ಹೊಲೀಬಹುದು. ನನ್ನದು 4 ದಾಟಿತ್ತು. ಅಷ್ಟು ಕತ್ತರಿಸಿ ಎಳೆಯೋ ಹಾಗಿಲ್ಲ, ತೇಪೆನೇ ಹಾಕಬೇಕು. ಸರಿ, ತೇಪೆಗೆ ಬಟ್ಟೆ ಎಲ್ಲಿಂದ ತರೋದು?

ಶಿಶ್ನದ ಚರ್ಮ ಪಕ್ಕದಲ್ಲೇ ಸಿಗುತ್ತೆ. 1968ರಲ್ಲಿ ಒರಾಂಡಿ ಅನ್ನೋ ಸರ್ಜನ್ ಅದನ್ನ ರಕ್ತ ಸಂಪರ್ಕದ ಸಮೇತ ಒಳಗೆ ತಿರುಗಿಸಿ ಹೊಲಿಯೋ ವಿಧಾನ ತಿಳಿಸಿದ್ರು. ಮುಂಭಾಗದ ಸ್ಟ್ರಿಕ್ಚರಿಗೆ ಈಗಲೂ ನಡೆಯುತ್ತೆ. ಆದರೆ ಚರ್ಮ ಬಿಳಚಿ ಗಟ್ಟಿಯಾಗೋ ಲೈಕನ್ ಸ್ಕ್ಲೆರೋಸಸ್ ಇದ್ರೆ ಆ ಚರ್ಮ ಮುಟ್ಟಬಾರದು, ತೇಪೆಗೂ ರೋಗ ಹತ್ತುತ್ತೆ. ಕೂದಲು ಬರೋ ಚರ್ಮವಂತೂ ಬೇಡವೇ ಬೇಡ, ಒಳಗೆ ಕೂದಲು ಬೆಳೆದು ಕಲ್ಲು ಕಟ್ಟುತ್ತೆ. ಮೂತ್ರಕೋಶದ ಒಳಪದರವೂ ಆಗುತ್ತೆ, ಅದಕ್ಕೆ ಹೊಟ್ಟೆ ಕುಯ್ಯಬೇಕು. ಲ್ಯಾಬಲ್ಲಿ ರೋಗಿಯ ಕೋಶದಿಂದಲೇ ನಾಳ ಬೆಳೆಸಿ ಐದು ಹುಡುಗರಿಗೆ ಹಾಕಿದ ವರದಿ 2011ರಲ್ಲಿ ಬಂತು. ನಮ್ಮೂರ ಬಸ್‌ಸ್ಟ್ಯಾಂಡಿಗೆ ಅದಿನ್ನೂ ಬಂದಿಲ್ಲ.

ಕೆನ್ನೆಯ ಒಳಪದರದ ಗುಣವೇ ಬೇರೆ. ಕೂದಲಿಲ್ಲ, ಸದಾ ಒದ್ದೆಯಲ್ಲಿದ್ದು ಅಭ್ಯಾಸ, ಮೇಲೆ ಗಟ್ಟಿ, ಅಡಿಯಲ್ಲಿ ತೆಳು, ರಕ್ತನಾಳ ದಂಡಿಯಾಗಿವೆ. ನಾಟಿ ಮಾಡಿದ ಭತ್ತದ ಸಸಿ ನೋಡಿದ್ದೀರಲ್ಲ? ಮೊದಲೆರಡು ದಿನ ತೇಪೆ ಸುತ್ತಲಿನ ಪಸೆ ಹೀರಿಕೊಂಡೇ ಜೀವ ಹಿಡಿದಿರುತ್ತೆ, ಆಮೇಲೆ ರಕ್ತನಾಳ ಕೂಡಿಕೊಂಡು ಬೇರು ಬಿಟ್ಟ ಹಾಗೆ. 1894ರಲ್ಲೇ ಸಪೆಷ್ಕೊ ಅನ್ನೋರು ಬಾಯಿಯ ಪದರ ಹಾಕಿ ನೋಡಿದ್ರಂತೆ, ಲೋಕ ಮರೆತು 1990ರ ದಶಕದಲ್ಲಿ ಮತ್ತೆ ಹಿಡೀತು. ನಮ್ಮ ಪುಣೆಯ ಡಾ. ಸಂಜಯ್ ಕುಲಕರ್ಣಿ ನಾಳವನ್ನ ಒಂದೇ ಬದಿಯಿಂದ ಬಿಡಿಸಿ, ಇನ್ನೊಂದು ಬದಿಯ ರಕ್ತ ಸಂಪರ್ಕ ಉಳಿಸಿ ತೇಪೆ ಇಡೋ ವಿಧಾನ ತಂದ್ರು.

ಅದಕ್ಕೇ "ಬಾಯಿ ತೆಗೀರಿ". ಮೂರು ಬೆರಳು ನಿಲ್ಲಿಸಿ ಒಳಗಿಡೋಕೆ ಹೇಳಿದ್ರು. ಹೋಯ್ತು, ಕಷ್ಟದಲ್ಲಿ. ಕಡೂರು, ತರೀಕೆರೆ ಕಡೆ ಅಡಿಕೆ ಬೆಳೆಗಾರರು ನನ್ನನ್ನ ಬೈಬೇಡಿ, ಆದರೆ ಗುಟ್ಕಾ ಬಿಡಿ, ಬರೀ ಅಡಿಕೆ ಜಗಿದರೂ ಕೆನ್ನೆಯೊಳಗೆ ನಾರು ಕಟ್ಟಿ ಬಾಯಿ ಬಿಗಿಯುತ್ತೆ. ಇರೋದ್ರಲ್ಲಿ ಒಳ್ಳೇ ಬಟ್ಟೆಯನ್ನ ನಾವೇ ಸುಟ್ಕೊಂಡು ಕೂತಿರ್ತೀವಿ! ಕೆನ್ನೆ ಕೆಟ್ಟಿದ್ರೆ ನಾಲಿಗೆಯ ಅಡಿಭಾಗ ಇದೆ, ಅದೂ ಚೆನ್ನಾಗೇ ಹಿಡಿಯುತ್ತೆ. ಆದರೆ ಜಾಸ್ತಿ ತೆಗೆದರೆ ಮಾತು ತೊದಲಬಹುದು, ಬಾಯೇ ತೆಗೆಯದವನಿಗೆ ನಾಲಿಗೆಯೂ ಸಿಗಲ್ಲ.

ನಾನು ಎಲೆಅಡಿಕೆ ಇಟ್ಕೊಳ್ತಿದ್ದದ್ದು ಎಡಗಡೆ. ಬಲಗೆನ್ನೆಯಿಂದ ತೆಗೆದ್ರು. ಮೂರು ವಾರ ಮೂತ್ರ ಹೋಗೋಕೆ ಕ್ಯಾತಿಟರ್ ನಳಿಕೆ. ಕೆಳಗಿನದಕ್ಕಿಂತ ಬಾಯಿ ನೋವೇ ಜಾಸ್ತಿಯಾಗಿತ್ತು. ಮನೆಯವಳು ರಾಗಿ ಅಂಬಲಿ ಆರಿಸಿ ಕೊಡ್ತಿದ್ಲು, ಪಕ್ಕದಲ್ಲಿ ಉಪ್ಪಿನಕಾಯಿ ಜಾಡಿ ನೋಡ್ಕೊಂಡು ಕುಡೀತಿದ್ದೆ.