ಉಪ್ಪು ಹುಡುಕಿದವರಿಗೆ ಸಿಕ್ಕ ಬೆಂಕಿ

ಕೇಳುಗರೇ, ನಮಸ್ಕಾರ.

ನಿಮ್ಮಲ್ಲಿ ಹಿರಿಯರು ಏತ ನೋಡಿರುತ್ತೀರಿ. ಬಾವಿಯ ಮೇಲೆ ಉದ್ದನೆಯ ಮರ. ಅದರ ಮೇಲೆ ಒಬ್ಬ ಹಿಂದಕ್ಕೂ ಮುಂದಕ್ಕೂ ನಡೆದರೆ ನೀರು ಮೇಲೆ ಬರುತ್ತಿತ್ತು. ಈಗ ಆ ಏತದ ತುದಿಗೆ ಬಾನಿ ಬಿಚ್ಚಿ, ಭಾರವಾದ ಕಬ್ಬಿಣದ ಉಳಿ ಕಟ್ಟಿದ್ದಾರೆ ಎಂದುಕೊಳ್ಳಿ. ಇನ್ನೊಂದು ತುದಿಯನ್ನು ನಾಲ್ಕಾರು ಜನ ಒಟ್ಟಿಗೆ ತುಳಿಯುತ್ತಾರೆ. ಉಳಿ ಮೇಲೇಳುತ್ತದೆ. ಅವರು ಪಕ್ಕಕ್ಕೆ ಹಾರುತ್ತಾರೆ. ಉಳಿ ಧಡ್ ಅಂತ ಬಂಡೆಗೆ ಬೀಳುತ್ತದೆ. ಮತ್ತೆ ತುಳಿ, ಮತ್ತೆ ಹಾರು.

ಚೀನಾದ ಸಿಚುವಾನ್ ಪ್ರಾಂತ್ಯದ ಜಿಗಾಂಗ್ ಎಂಬ ಊರಲ್ಲಿ ಹೀಗೇ ಭೂಮಿ ಕೊರೆದರು. ಅಲ್ಲಿಂದ ಸಮುದ್ರ ಬಹಳ ದೂರ. ಉಪ್ಪು ಬೇಕೆಂದರೆ ನೆಲದಾಳದ ಉಪ್ಪುನೀರನ್ನೇ ಎತ್ತಬೇಕು. ಆ ನೀರಿನ ಜೊತೆಗೆ ಕೆಲವು ಬಾವಿಗಳಲ್ಲಿ ಒಂದು ಬಗೆಯ ಗಾಳಿಯೂ, ಅಂದರೆ ಗ್ಯಾಸೂ, ಬರುತ್ತಿತ್ತು. ಕಿಡಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುತ್ತಿತ್ತು. ಜನ ಅಂಥವನ್ನು 'ಬೆಂಕಿ ಬಾವಿ' ಎಂದರು. ಹೆದರಿ ಮುಚ್ಚಲಿಲ್ಲ. 4ನೇ ಶತಮಾನದ ಹೊತ್ತಿಗೇ ಸಿಚುವಾನಿನಲ್ಲಿ ಆ ಉರಿಯ ಮೇಲೆ ಉಪ್ಪುನೀರು ಕಾಯಿಸುತ್ತಿದ್ದರು.

ಮೊದಲು ಬಾವಿಗಳು ಅಗಲವಾಗಿದ್ದವು, ಸಲಿಕೆಯಿಂದ ತೋಡಿದವು. 1040ರ ದಶಕದಲ್ಲಿ ಹೊಸ ಬಗೆ ಬಂತು. ಬಾವಿಯ ಬಾಯಿ ಒಂದು ಬಟ್ಟಲಿನಷ್ಟೇ ಅಗಲ! ಕವಿ ಸು ಡಾಂಗ್‌ಪೋ ಇದನ್ನು ಬರೆದಿಟ್ಟಿದ್ದಾನೆ. ಒಳಗೆ ಗೆಣ್ಣು ತೆಗೆದ ಬಿದಿರನ್ನು ಇಳಿಸಿ, ಮೇಲಿನ ಸಿಹಿನೀರು ಒಳಗೆ ಇಳಿಯದಂತೆ ತಡೆದರು. ಉಪ್ಪುನೀರು ಎತ್ತಲು ಇನ್ನೊಂದು ಸಣ್ಣ ಬಿದಿರು. ಅದರ ತಳಕ್ಕೆ ತೊಗಲಿನ ಮುಚ್ಚಳ. ಇಳಿಯುವಾಗ ತೆರೆಯುತ್ತದೆ, ಏರುವಾಗ ನೀರಿನ ಭಾರಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. ಎಷ್ಟು ಸರಳ, ಅಲ್ವಾ? ಈ ಮುಚ್ಚಳವನ್ನು ಮೊದಲು ಯೋಚಿಸಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಅದು ನನಗೆ ಬೇಸರದ ಮಾತು.

ಹೀಗೆ ಬೆಳೆದ ಕಸುಬು ಎಲ್ಲಿಗೆ ಮುಟ್ಟಿತು ಕೇಳಿ. 1823ರಲ್ಲಿ ಜಿಗಾಂಗ್‌ನಲ್ಲಿ ಶೆನ್‌ಹಾಯ್ ಎಂಬ ಬಾವಿ ಕೊರೆಯಲು ಶುರು ಮಾಡಿದರು. ಮುಗಿದದ್ದು 1835ರಲ್ಲಿ. ಆಳ 1001 ಮೀಟರ್. ಲೋಕದಲ್ಲಿ ಸಾವಿರ ಮೀಟರ್ ದಾಟಿದ ಮೊದಲ ಬಾವಿ ಅದು. ಅಡಿ ಲೆಕ್ಕದಲ್ಲಿ 3,280ಕ್ಕೂ ಜಾಸ್ತಿ. ನಮ್ಮ ಕೋಲಾರದ ಕಡೆ ಯಂತ್ರ ಹಾಕಿ 1,500 ಅಡಿ ಬೋರ್‌ವೆಲ್ ಕೊರೆದರೇ ಎದೆ ಝಲ್ ಎನ್ನುತ್ತದೆ. ಇವರ ಕೈಯಲ್ಲಿ ಇದ್ದದ್ದು ಬಿದಿರಿನ ಹಗ್ಗ, ಕಬ್ಬಿಣದ ಉಳಿ, ಕಾಲಿನ ಕಸುವು. ಲೆಕ್ಕ ಹಾಕಿದರೆ ಸರಾಸರಿ ದಿನಕ್ಕೆ ಒಂದು ಗೇಣು. ಹನ್ನೆರಡು ವರ್ಷ, ದಿನಕ್ಕೊಂದು ಗೇಣು!

ಅಲ್ಲಿಂದ ದಿನಕ್ಕೆ 8,500 ಘನ ಮೀಟರ್ ಗ್ಯಾಸ್ ಬಂತು. ಒಂದೇ ಬಾವಿಯ ಉರಿಗೆ 80ಕ್ಕೂ ಹೆಚ್ಚು ಬಾಣಲೆಗಳು ಕುದಿದವು. ಬಾವಿಯ ಬಾಯಿಗೆ ದೊಡ್ಡ ಮರದ ಪೀಪಾಯಿ ಕೂರಿಸಿ ಗ್ಯಾಸ್ ಹಿಡಿಯುತ್ತಿದ್ದರು. ಬಿದಿರಿನ ಕೊಳವೆಯಲ್ಲಿ ಒಲೆಗಳಿಗೆ ಹರಿಸುತ್ತಿದ್ದರು. ಬಿದಿರು ಸುಟ್ಟು ಹೋಗುವುದಿಲ್ಲವೇ ಎಂದು ನೀವು ಕೇಳಬಹುದು. ಕೊಳವೆಯ ಒಳಗೆ ಹೊರಗಿನ ಗಾಳಿ ಬೆರೆಯದಿದ್ದರೆ ಗ್ಯಾಸ್ ಉರಿಯುವುದಿಲ್ಲ. ಅದಕ್ಕೇ ಸಂದುಗಳಿಗೆ ಎಣ್ಣೆ, ಸುಣ್ಣ ಕಲಸಿ ಬಿಗಿಯಾಗಿ ಮೆತ್ತುತ್ತಿದ್ದರು.

ಅದೇ 1820ರ ದಶಕದಲ್ಲಿ ಅಮೆರಿಕದ ಫ್ರೆಡೋನಿಯಾ ಊರಲ್ಲಿ ವಿಲಿಯಂ ಹಾರ್ಟ್ ಎಂಬ ಬಂದೂಕು ಮಾಡುವವ ತೊರೆಯಲ್ಲಿ ಏಳುವ ಗುಳ್ಳೆ ನೋಡಿ, 27 ಅಡಿ ಕೊರೆದು, ಆ ಗ್ಯಾಸಿನಿಂದ ದೀಪ ಹಚ್ಚಿಸಿದ. ಅಮೆರಿಕದ ಗ್ಯಾಸ್ ಉದ್ಯಮ ಅಲ್ಲಿಂದ ಶುರು ಎನ್ನುತ್ತಾರೆ. ಅದೂ ದೊಡ್ಡ ಕೆಲಸವೇ. ಆದರೆ ಗ್ಯಾಸ್ ಕೊರೆತದ ಕಥೆಯನ್ನೇ ಅಲ್ಲಿಂದ ಶುರು ಮಾಡಿದರೆ ಜಿಗಾಂಗ್‌ನವರಿಗೆ ಅನ್ಯಾಯ ಮಾಡಿದಂತೆ.

ಶೆನ್‌ಹಾಯ್ ಬಾವಿಯನ್ನು ಈಗ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಮರದ ಅಟ್ಟಣೆ ಇನ್ನೂ ನಿಂತಿದೆ. ಹಳೇ ರೀತಿಯಲ್ಲೇ ಅಲ್ಲಿ ಉಪ್ಪು ಕಾಯಿಸುತ್ತಾರೆ. ಮಂಡ್ಯದ ಆಲೆಮನೆಯಲ್ಲಿ ಬೆಂಡೆಗಿಡದ ಲೋಳೆ ಹಾಕಿ ಕಬ್ಬಿನ ಹಾಲಿನ ಕೊಳೆ ತೆಗೆಯುತ್ತಾರಲ್ವಾ, ಅವರು ಕುದಿಯುವ ಉಪ್ಪುನೀರಿಗೆ ಸೋಯಾ ಹಾಲು ಹಾಕುತ್ತಾರೆ. ಕೊಳೆಯೆಲ್ಲ ನೊರೆಯಾಗಿ ಮೇಲೇಳುತ್ತದೆ. ಅದನ್ನು ತೆಗೆದ ಮೇಲೆ ತಳದಲ್ಲಿ ಬೆಳ್ಳನೆಯ ಉಪ್ಪು ಕೂರುತ್ತದೆ.

ನಮಸ್ಕಾರ.