ಬ್ಯಾಕಪ್ ಸರ್ವರ್‌ಗೆ ಫೈಲ್ ಸಿಸ್ಟಮ್ ಆರಿಸುವ ಬಗೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಬಳ್ಳಾರಿಯ ಸ್ಕ್ಯಾನಿಂಗ್ ಸೆಂಟರುಗಳ ಸರ್ವರ್ ನೋಡಿಕೊಳ್ಳುವವರಿದ್ದೀರಿ, ಗಂಗಾವತಿಯ ರೈಸ್‌ಮಿಲ್ಲುಗಳ ಲೆಕ್ಕದ ಕಂಪ್ಯೂಟರ್ ನೋಡುವವರಿದ್ದೀರಿ, ಜೀನ್ಸ್ ಘಟಕಗಳ ಡಿಸೈನ್ ಫೈಲು ಕಾಯುವವರಿದ್ದೀರಿ. ಕೆಲಸ ಬೇರೆ ಬೇರೆಯಾದರೂ ಬ್ಯಾಕಪ್ಪಿನ ಸ್ವಭಾವ ಒಂದೇ. ಒಮ್ಮೆ ಬರೆದಿಡುತ್ತೇವೆ, ತಿಂಗಳುಗಟ್ಟಲೆ ತೆರೆದು ನೋಡುವುದಿಲ್ಲ. ದಿನವೂ ಬಳಸುವ ಫೈಲು ಕೆಟ್ಟರೆ ಮರುದಿನವೇ ಯಾರಾದರೂ ಫೋನ್ ಮಾಡುತ್ತಾರೆ. ಬ್ಯಾಕಪ್ಪಿನ ಫೈಲು ಕೆಟ್ಟದ್ದು ಗೊತ್ತಾಗುವುದು ಅಸಲು ಫೈಲು ಹೋದ ದಿನ. ಅದಕ್ಕೇ ವೇಗದ ಮಾತು ಆಮೇಲೆ. ಫೈಲ್ ಸಿಸ್ಟಮ್ ಎಂದರೆ ಡಿಸ್ಕಿನ ಮೇಲೆ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ. ಒಳಗಿಟ್ಟದ್ದು ಕೆಟ್ಟರೆ ಈ ಫೈಲ್ ಸಿಸ್ಟಮ್ ನನಗೆ ಹೇಳುತ್ತದೆಯೇ, ಸರಿಮಾಡಿಕೊಳ್ಳುತ್ತದೆಯೇ ಎಂಬುದನ್ನು ಮೊದಲು ಕೇಳಬೇಕು.

ಡಿಸ್ಕು ಪೂರ್ತಿ ಸತ್ತರೆ ಅದು ಕಣ್ಣಿಗೆ ಕಾಣುತ್ತದೆ. ಕಾಣದ್ದು ಇನ್ನೊಂದಿದೆ. ಸಡಿಲ ಕೇಬಲ್ಲು, ಕೆಟ್ಟ ಕಂಟ್ರೋಲರು, ದೋಷವಿರುವ ಮೆಮೊರಿ, ಇವುಗಳಿಂದ ತಪ್ಪು ಬಿಟ್ಟುಗಳು ಡಿಸ್ಕಿಗೆ ಇಳಿಯುತ್ತವೆ. ಓದುವಾಗ ಡಿಸ್ಕು ಯಾವ ದೂರೂ ಇಲ್ಲದೆ ಅದನ್ನೇ ವಾಪಸು ಕೊಡುತ್ತದೆ.

ಇಎಕ್ಸ್‌ಟಿ4 ನಿಮಗೆಲ್ಲ ಗೊತ್ತಿರುವುದೇ. 2008ರಿಂದ ಲಿನಕ್ಸಿನಲ್ಲಿ ಗಟ್ಟಿಯಾಗಿ ನಿಂತಿದೆ, ರಿಪೇರಿಯ ಸಾಧನಗಳು ಪಳಗಿವೆ. ಅದರ ಚೆಕ್‌ಸಮ್, ಅಂದರೆ ಬರೆದದ್ದು ಬದಲಾಗಿದೆಯೇ ಎಂದು ತಾಳೆ ನೋಡಲು ಲೆಕ್ಕ ಹಾಕಿ ಇಡುವ ಅಂಕಿ, ಮೆಟಾಡೇಟಾಕ್ಕೆ ಮಾತ್ರ. ಫೈಲಿನ ಹೆಸರು, ಜಾಗ, ಅಳತೆ ಸರಿಯಿದೆಯೇ ಎಂದು ನೋಡುತ್ತದೆ. ಫೈಲಿನ ಒಳಗಿನ ಡೇಟಾ ಕೆಟ್ಟಿದ್ದರೆ ಅದಕ್ಕೆ ತಿಳಿಯದು. ಬಳಸುವುದೇ ಆದರೆ ಎರಡು ಸಂಗತಿ ನೆನಪಿಡಿ. ರೂಟ್‌ಗೆಂದು, ಅಂದರೆ ಅಡ್ಮಿನ್ ಖಾತೆಗೆಂದು, 5 ಶೇಕಡಾ ಜಾಗ ತಾನಾಗಿ ಕಾದಿರಿಸುತ್ತದೆ. 8 ಟಿಬಿ ಡಿಸ್ಕಿನಲ್ಲಿ ಅದು 400 ಜಿಬಿ. ಬ್ಯಾಕಪ್ ಡಿಸ್ಕಿಗೆ ಅಷ್ಟು ಬೇಡ, ಟ್ಯೂನ್‌2ಎಫ್‌ಎಸ್ ಆದೇಶದಿಂದ 1 ಶೇಕಡಾಕ್ಕೆ ಇಳಿಸಿ. ಇನ್ನು ಐನೋಡುಗಳ (ಒಂದೊಂದು ಫೈಲಿಗೂ ಬೇಕಾದ ದಾಖಲೆಯ ಖಾನೆ) ಸಂಖ್ಯೆ ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗುತ್ತದೆ. ಲಕ್ಷಗಟ್ಟಲೆ ಸಣ್ಣ ಫೈಲುಗಳಿದ್ದಲ್ಲಿ ಜಾಗ ಉಳಿದಿದ್ದರೂ "ಜಾಗವಿಲ್ಲ" ಎಂಬ ಸಂದೇಶ ಬರುವುದು ಇದರಿಂದಲೇ.

ಲಿನಕ್ಸಿನ ಇನ್ನೊಂದು ಫೈಲ್ ಸಿಸ್ಟಮ್ ಎಕ್ಸ್‌ಎಫ್‌ಎಸ್‌ನಲ್ಲಿ ಐನೋಡಿನ ಈ ತೊಂದರೆಯಿಲ್ಲ, ಬೇಕಾದಂತೆ ಹುಟ್ಟುತ್ತವೆ. ದೊಡ್ಡ ಫೈಲುಗಳಿಗೆ ಚೆನ್ನ. ರಿಫ್ಲಿಂಕ್ (ಎರಡು ಫೈಲುಗಳು ಒಂದೇ ಬ್ಲಾಕನ್ನು ಬಳಸುವ ಸೌಲಭ್ಯ) ಇರುವುದರಿಂದ ಹಳೆಯ ಪೂರ್ಣ ಬ್ಯಾಕಪ್ಪಿನ ಬ್ಲಾಕುಗಳನ್ನೇ ಹಂಚಿಕೊಂಡು ಹೊಸ ಪೂರ್ಣ ಬ್ಯಾಕಪ್ ಕಟ್ಟುವ ತಂತ್ರಾಂಶಗಳಿಗೆ ಬಹಳ ಜಾಗ ಉಳಿಯುತ್ತದೆ. ಡೇಟಾಕ್ಕೆ ಚೆಕ್‌ಸಮ್ ಮಾತ್ರ ಇಲ್ಲಿಯೂ ಇಲ್ಲ. ಈ ಫೈಲ್ ಸಿಸ್ಟಮನ್ನು ಆಮೇಲೆ ದೊಡ್ಡದು ಮಾಡಬಹುದು, ಬೇಕಾದಷ್ಟು ಚಿಕ್ಕದು ಮಾಡಲಾಗದು.

"ಕೆಳಗೆ ರೇಡ್ ಇದೆಯಲ್ಲ ಸರ್" ಎನ್ನುವವರಿಗೆ ಈ ಮಾತು. ರೇಡ್ ಎಂದರೆ ಹಲವು ಡಿಸ್ಕುಗಳನ್ನು ಜೋಡಿಸಿ, ಒಂದು ಸತ್ತರೂ ಡೇಟಾ ಉಳಿಯುವಂತೆ ಇಡುವ ವ್ಯವಸ್ಥೆ. ಲಿನಕ್ಸಿನ ಸಾಫ್ಟ್‌ವೇರ್ ರೇಡ್ ಎರಡು ಡಿಸ್ಕುಗಳ ಪ್ರತಿ ಹೊಂದುತ್ತಿಲ್ಲ ಎಂದು ಎಣಿಸಿ ಹೇಳಬಲ್ಲದು. ಎರಡರಲ್ಲಿ ಯಾವುದು ಸರಿ ಎಂದು ಅದಕ್ಕೆ ಗೊತ್ತಿಲ್ಲ. ಒಂದೇ ಜಮೀನಿಗೆ ಎರಡು ಪಹಣಿ ಬಂದಾಗ ಮೂಲ ದಾಖಲೆ ನೋಡದೆ ತೀರ್ಮಾನ ಆಗದಲ್ಲ, ಹಾಗೆ. ಆ ಮೂಲ ದಾಖಲೆಯ ಕೆಲಸವನ್ನು ಚೆಕ್‌ಸಮ್ ಮಾಡುತ್ತದೆ.

ಡೇಟಾಕ್ಕೂ ಚೆಕ್‌ಸಮ್ ಇಡುವವು ಬಟರ್‌ಎಫ್‌ಎಸ್ ಮತ್ತು ಜೆಡ್‌ಎಫ್‌ಎಸ್. ಬಟರ್‌ಎಫ್‌ಎಸ್ 2009ರಿಂದ ಲಿನಕ್ಸ್ ಕರ್ನಲ್ಲಿನೊಳಗೇ, ಅಂದರೆ ಅದರ ತಿರುಳಿನಲ್ಲೇ ಇದೆ, ಬೇರೆ ಮಾಡ್ಯೂಲ್ ಹಾಕುವ ಗೋಜಿಲ್ಲ. ಎರಡರಲ್ಲೂ ಅದೇ ಡೇಟಾ ಇಡುವ ಎರಡು ಡಿಸ್ಕಿನ ಮಿರರ್‌ಗೆ, ಅಂದರೆ ಅದರದೇ ರೇಡ್1ಕ್ಕೆ, ಧೈರ್ಯವಾಗಿ ಬಳಸಿ. ಅದರ ರೇಡ್5 ಮತ್ತು 6 ಬೇಡ. ಬರೆಯುವ ನಡುವೆ ಕರೆಂಟು ಹೋದರೆ ಡೇಟಾ ಮತ್ತು ಪ್ಯಾರಿಟಿ (ಹೋದ ಡೇಟಾವನ್ನು ಮತ್ತೆ ಕಟ್ಟಲು ಇಡುವ ಲೆಕ್ಕ) ತಾಳೆಯಾಗದೆ ಉಳಿಯುವ ದೋಷ ಅಲ್ಲಿದೆ. ಸಾಫ್ಟ್‌ವೇರ್ ರೇಡ್ 6ರ ಮೇಲೆ ಬಟರ್‌ಎಫ್‌ಎಸ್ ಕೂಡಿಸಿದರೆ ಕೆಟ್ಟದ್ದು ತಿಳಿಯುತ್ತದೆ, ಆದರೆ ಇನ್ನೊಂದು ಪ್ರತಿ ಅದರ ಕೈಗೆ ಸಿಗದ ಕಾರಣ ಸರಿಹೋಗುವುದಿಲ್ಲ.

ನಾಲ್ಕು ಅಥವಾ ಹೆಚ್ಚು ಡಿಸ್ಕಿನ ಸರ್ವರಾದರೆ ನನ್ನ ಆಯ್ಕೆ ಜೆಡ್‌ಎಫ್‌ಎಸ್. ಸನ್ ಮೈಕ್ರೋಸಿಸ್ಟಮ್ಸ್ 2005ರಲ್ಲಿ ಓಪನ್‌ಸೊಲಾರಿಸ್ ಮೂಲಕ ಹೊರತಂದದ್ದು. ಪ್ರತಿ ಬ್ಲಾಕಿನ ಚೆಕ್‌ಸಮ್ಮನ್ನು ಆ ಬ್ಲಾಕಿನ ಜೊತೆ ಇಡದೆ ಅದರ ಮೇಲಿನ ಬ್ಲಾಕಿನಲ್ಲಿ ಇಡುತ್ತದೆ. ಹೀಗಾಗಿ ಡಿಸ್ಕು ಸರಿಯಾದ ಡೇಟಾವನ್ನು ತಪ್ಪು ಜಾಗಕ್ಕೆ ಬರೆದರೂ ಸಿಕ್ಕಿಬೀಳುತ್ತದೆ.

ಕಟ್ಟುವ ಕ್ರಮ ಹೀಗೆ. 8 ಟಿಬಿಯ ಆರು ಡಿಸ್ಕು, ರೇಡ್‌ಜೆಡ್2, ಅಂದರೆ ಎರಡು ಡಿಸ್ಕು ಸತ್ತರೂ ತಡೆಯುವ ಜೆಡ್‌ಎಫ್‌ಎಸ್‌ನದೇ ರೇಡ್. ಎರಡು ಡಿಸ್ಕಿನಷ್ಟು ಪ್ಯಾರಿಟಿಗೆ ಹೋಗಿ 32 ಟಿಬಿ ಉಳಿಯುತ್ತದೆ. ಅದರಲ್ಲಿ 80 ಶೇಕಡಾ, ಸುಮಾರು 25 ಟಿಬಿಯನ್ನೇ ನಿಮ್ಮದೆಂದು ಲೆಕ್ಕ ಹಿಡಿಯಿರಿ. ತುಂಬುತ್ತ ಬಂದಂತೆ ಬರೆಯುವ ವೇಗ ಕುಸಿಯುತ್ತದೆ. ಒಂದೇ ಡಿಸ್ಕಿನ ಸಾವು ತಡೆಯುವ ರೇಡ್‌ಜೆಡ್1 ಯಾಕೆ ಬೇಡ? ಸೆಕೆಂಡಿಗೆ 150 ಎಂಬಿ ವೇಗದಲ್ಲಿ 8 ಟಿಬಿ ಡಿಸ್ಕನ್ನು ಆದಿಯಿಂದ ಅಂತ್ಯದವರೆಗೆ ಓದಲು ಹತ್ತಿರ ಹತ್ತಿರ 15 ಗಂಟೆ ಬೇಕು. ತುಂಬಿದ ಪೂಲಿನಲ್ಲಿ (ಜೋಡಿಸಿದ ಡಿಸ್ಕುಗಳ ಒಟ್ಟು ಸಂಗ್ರಹ) ಕೆಟ್ಟದ್ದರ ಬದಲು ಹಾಕಿದ ಹೊಸ ಡಿಸ್ಕನ್ನು ತುಂಬಿಸುವ ಕೆಲಸ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಹಿಡಿಯಬಹುದು. ಅಷ್ಟು ಹೊತ್ತೂ ಉಳಿದ ಡಿಸ್ಕುಗಳು ಬಿಡುವಿಲ್ಲದೆ ದುಡಿಯುತ್ತವೆ, ಎರಡನೆಯದು ಕೈಕೊಡುವುದು ಆಗಲೇ.

ಪೂಲ್ ಸೃಷ್ಟಿಸುವಾಗ ಸೆಕ್ಟರಿನ ಅಳತೆ ಹೇಳುವ ಆಶಿಫ್ಟ್ 12 ಕೊಡಿ, 4096 ಬೈಟಿನ ಸೆಕ್ಟರಿಗೆ ಅದೇ ಸರಿ. ಆಮೇಲೆ ಬದಲಿಸಲು ಬರುವುದಿಲ್ಲ. ಡಿಸ್ಕುಗಳನ್ನು ಎಸ್‌ಡಿಎ, ಎಸ್‌ಡಿಬಿ ಎಂದು ಕೊಡದೆ ಸೀರಿಯಲ್ ನಂಬರು ಇರುವ ಹೆಸರಿನಿಂದ ಕೊಡಿ, ಅದೇ ನಂಬರನ್ನು ಟ್ರೇ ಮೇಲೆ ಚೀಟಿ ಬರೆದು ಅಂಟಿಸಿ. ಕೆಟ್ಟ ಡಿಸ್ಕು ಬಿಟ್ಟು ಒಳ್ಳೆಯದನ್ನು ಎಳೆಯುವ ತಪ್ಪು ಇಷ್ಟರಿಂದ ನಿಲ್ಲುತ್ತದೆ. ಕಂಪ್ರೆಷನ್ ಎಲ್‌ಜೆಡ್4 ಇರಲಿ. ದೊಡ್ಡ ಇಮೇಜ್ ಫೈಲುಗಳಿಗೆ ರೆಕಾರ್ಡ್‌ಸೈಜನ್ನು (ಒಂದು ಬ್ಲಾಕಿನ ಗರಿಷ್ಠ ಅಳತೆ) 128 ಕೆಬಿಯಿಂದ 1 ಎಂಬಿಗೆ ಏರಿಸಿ. ರೇಡ್ ಕಾರ್ಡು ಡಿಸ್ಕುಗಳನ್ನು ಮರೆಮಾಡಬಾರದು, ಅವು ನೇರವಾಗಿ ಕಾಣಬೇಕು. ಎಸ್‌ಎಂಆರ್ ಮಾದರಿಯ ಡಿಸ್ಕು ಕೊಳ್ಳಬೇಡಿ. ಅವುಗಳ ಟ್ರ್ಯಾಕುಗಳು ಹೆಂಚಿನಂತೆ ಒಂದರ ಮೇಲೊಂದು ಹೊದಿಸಿರುವುದರಿಂದ ಮರುತುಂಬುವಾಗ ವೇಗ ನೆಲಕಚ್ಚುತ್ತದೆ.

ಒಂದೇ ಥರದ ಬ್ಲಾಕುಗಳನ್ನು ಒಮ್ಮೆ ಮಾತ್ರ ಇಡುವ ಡಿಡ್ಯೂಪ್ ಕಂಡರೆ ಆಸೆಯಾಗುತ್ತದೆ, ಹಚ್ಚಬೇಡಿ. 128 ಕೆಬಿ ಬ್ಲಾಕಿನಲ್ಲಿ 1 ಟಿಬಿಗೆ ಸುಮಾರು 80 ಲಕ್ಷ ಬ್ಲಾಕು. ಒಂದೊಂದಕ್ಕೆ 320 ಬೈಟಿನಂತೆ ಎರಡೂವರೆ ಜಿಬಿ ಮೆಮೊರಿ ಬರೀ ಅದಕ್ಕೇ ಬೇಕು. ಡಿಡ್ಯೂಪ್ ಬೇಕಾದರೆ ರೆಸ್ಟಿಕ್, ಬೋರ್ಗ್‌ನಂಥ ಬ್ಯಾಕಪ್ ತಂತ್ರಾಂಶಕ್ಕೆ ಬಿಡಿ.

ಜೆಡ್‌ಎಫ್‌ಎಸ್‌ಗೂ ಕಷ್ಟಗಳಿವೆ. ಪರವಾನಗಿಯ ಕಾರಣ ಲಿನಕ್ಸ್ ಕರ್ನಲ್ಲಿನಲ್ಲಿ ಅದು ಸೇರಿಲ್ಲ. ಮಾಡ್ಯೂಲ್ ಸಿದ್ಧವಾಗುವ ಮೊದಲೇ ಕರ್ನಲ್ ಅಪ್‌ಡೇಟ್ ಮಾಡಿದರೆ ರೀಬೂಟ್ ಆದಮೇಲೆ ಪೂಲ್ ಕಾಣುವುದಿಲ್ಲ. ಡೇಟಾ ಎಲ್ಲೂ ಹೋಗಿರುವುದಿಲ್ಲ, ಹಳೆಯ ಕರ್ನಲ್ಲಿಗೆ ಮರಳಿ. ರೇಡ್‌ಜೆಡ್‌ಗೆ ಒಂದೊಂದೇ ಡಿಸ್ಕು ಸೇರಿಸುವ ಸೌಲಭ್ಯ ಬಂದದ್ದು 2025ರ ಓಪನ್‌ಜೆಡ್‌ಎಫ್‌ಎಸ್ 2.3ರಲ್ಲಿ, ಆಗಲೂ ರೇಡ್‌ಜೆಡ್1 ಅನ್ನು ರೇಡ್‌ಜೆಡ್2 ಮಾಡಲಾಗದು.

ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ವಿಚಾರ. ಗುಮಾಸ್ತರ ವಿಂಡೋಸ್ ಕಂಪ್ಯೂಟರಿನಿಂದ ಶೇರ್ ಫೋಲ್ಡರಿನ ಫೈಲುಗಳನ್ನೆಲ್ಲ ಅದು ಕೆಡಿಸಬಹುದು. ಸರ್ವರಿನ ಸ್ನ್ಯಾಪ್‌ಶಾಟನ್ನು, ಅಂದರೆ ಆ ಹೊತ್ತಿನ ಫೈಲುಗಳ ಸ್ಥಿತಿಯನ್ನು ಬದಲಾಗದಂತೆ ಹಿಡಿದಿಟ್ಟದ್ದನ್ನು, ಶೇರಿನ ಮೂಲಕ ಅಳಿಸಲಾಗದು. ಅದಕ್ಕೆ ದಿನಕ್ಕೊಂದರಂತೆ 30, ತಿಂಗಳಿಗೊಂದರಂತೆ 12 ಸ್ನ್ಯಾಪ್‌ಶಾಟ್ ಇಡಿ. ಸರ್ವರಿನ ಅಡ್ಮಿನ್ ಪಾಸ್‌ವರ್ಡು ಕಚೇರಿಯ ಇತರ ಕಂಪ್ಯೂಟರಿನದಾಗಿರಬಾರದು. ಸ್ನ್ಯಾಪ್‌ಶಾಟ್ ಇರುವವರೆಗೆ ಫೈಲು ಅಳಿಸಿದರೂ ಜಾಗ ಬಿಡುವುದಿಲ್ಲ ಎಂಬುದು ಗೊತ್ತಿರಲಿ. ಇವೆಲ್ಲ ಒಂದೇ ಪೆಟ್ಟಿಗೆಯೊಳಗಿನ ರಕ್ಷಣೆ. ಬೆಂಕಿ, ಕಳವು, ಸಿಡಿಲಿಗೆ ಬೇರೆ ಕಟ್ಟಡದಲ್ಲಿ ಇನ್ನೊಂದು ಪ್ರತಿ ಬೇಕೇ ಬೇಕು.

ನಮ್ಮ ಕಡೆಯ ಬಿಸಿಲು ನಿಮಗೆ ಹೇಳಬೇಕಿಲ್ಲ. ಬಳ್ಳಾರಿ, ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳು 40 ಡಿಗ್ರಿ ದಾಟುತ್ತದೆ. ಕೋಣೆಯೇ ಅಷ್ಟಿದ್ದರೆ ಪೆಟ್ಟಿಗೆಯೊಳಗಿನ ಡಿಸ್ಕು 50ರ ಮೇಲೆ. ಡಿಸ್ಕು ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ ತಾಪ ನೋಡಿ, 45ರೊಳಗೆ ಹಿಡಿದಿಡಿ, ಫ್ಯಾನಿನ ಧೂಳು ತಿಂಗಳಿಗೊಮ್ಮೆ ತೆಗೆಯಿರಿ. ಗಣಿಲಾರಿ ಓಡಾಡುವ ರಸ್ತೆಬದಿಯಾದರೆ ಹದಿನೈದು ದಿನಕ್ಕೊಮ್ಮೆ. ಕರೆಂಟು ಹೋದಾಗ ಯುಪಿಎಸ್ ಹೊತ್ತು ನಿಂತರೆ ಸಾಲದು, ಯುಎಸ್‌ಬಿ ತಂತಿಯಿಂದ ಸರ್ವರಿಗೆ ಸುದ್ದಿ ಮುಟ್ಟಿಸಿ ಬ್ಯಾಟರಿ ಮುಗಿಯುವ ಮೊದಲೇ ಅದನ್ನು ಮುಚ್ಚಿಸಬೇಕು.

ಒಂದೇ ಡಿಸ್ಕಿನ ಚಿಕ್ಕ ಕಚೇರಿಗೆ ಎಕ್ಸ್‌ಎಫ್‌ಎಸ್ ಮೇಲೆ ರೆಸ್ಟಿಕ್ ಸಾಕು. ರೆಸ್ಟಿಕ್ ತನ್ನ ತುಣುಕುಗಳಿಗೆ ತಾನೇ ಹ್ಯಾಶ್ (ಚೆಕ್‌ಸಮ್ಮಿನಂಥದ್ದೇ ಅಂಕಿ) ಇಡುತ್ತದೆ. ಅದರ ಚೆಕ್ ಆದೇಶಕ್ಕೆ ಡೇಟಾ ಓದುವ ಆಯ್ಕೆ ಸೇರಿಸಿದರೆ ಕೆಟ್ಟದ್ದನ್ನು ಹಿಡಿದುಕೊಡುತ್ತದೆ. ಸರಿಮಾಡಲು ಎರಡನೆಯ ಪ್ರತಿ ಬೇಕು.

ಜೆಡ್‌ಎಫ್‌ಎಸ್, ಬಟರ್‌ಎಫ್‌ಎಸ್ ಎರಡಕ್ಕೂ ಸ್ಕ್ರಬ್, ಅಂದರೆ ಎಲ್ಲ ಬ್ಲಾಕು ಓದಿ ತಾಳೆ ನೋಡುವ ಕೆಲಸ, ಹಚ್ಚದಿದ್ದರೆ ಓದದ ಬ್ಲಾಕಿನ ಚೆಕ್‌ಸಮ್ ಯಾರೂ ನೋಡುವುದಿಲ್ಲ. ತಿಂಗಳಿಗೊಮ್ಮೆ, ಶನಿವಾರ ರಾತ್ರಿ ಹತ್ತಕ್ಕೆ ಶುರುಮಾಡಿ. ಬೇಸಿಗೆಯಲ್ಲಿ ಹಗಲು ಬೇಡವೇ ಬೇಡ. ಸೋಮವಾರ ಬೆಳಿಗ್ಗೆ ಜೆಡ್‌ಪೂಲ್ ಸ್ಟೇಟಸ್ ಆದೇಶ ಕೊಟ್ಟು ನೋಡಿ. ಚೆಕ್‌ಸಮ್ ಕಾಲಮ್ಮಿನಲ್ಲಿ ಸೊನ್ನೆಯಲ್ಲದೆ ಬೇರೆ ಅಂಕಿ ಕಂಡರೆ ಮೊದಲು ಆ ಡಿಸ್ಕಿನ ಕೇಬಲ್ ಬದಲಿಸಿ ಇನ್ನೊಮ್ಮೆ ಸ್ಕ್ರಬ್ ಮಾಡಿ. ಮತ್ತೆ ಬಂದರೆ ಡಿಸ್ಕು ಬದಲಿಸಿ. ಎಲ್ಲ ಡಿಸ್ಕಿನಲ್ಲೂ ಒಟ್ಟಿಗೆ ಬಂದರೆ ಮೆಮೊರಿ, ಕಂಟ್ರೋಲರು, ಪವರ್ ಸಪ್ಲೈ ಪರೀಕ್ಷಿಸಿ. ಮೂರು ತಿಂಗಳಿಗೊಮ್ಮೆ ಒಂದು ಫೋಲ್ಡರನ್ನು ಬೇರೆ ಕಂಪ್ಯೂಟರಿಗೆ ಪೂರ್ತಿ ಇಳಿಸಿ, ಟ್ಯಾಲಿಯಾದರೆ ಟ್ಯಾಲಿಯಲ್ಲಿ, ಸ್ಕ್ಯಾನ್ ಆದರೆ ಅದರ ವ್ಯೂವರಿನಲ್ಲಿ ತೆರೆದು ನೋಡಿ, ತಾರೀಖು ಬರೆದಿಡಿ.