ರಸ್ತೆಯ ಆಚೆಗೊಂದು ಈಚೆಗೊಂದು: ನನ್ನ ಬಸ್ ಸ್ಟ್ಯಾಂಡ್ ಡಿಸೈನ್

ಈಗ ಸ್ಕ್ರೀನಲ್ಲಿ ಕಾಣ್ತಾ ಉಂಟಲ್ಲ, ರಟ್ಟು ಬಗ್ಗಿಸಿ ಅಂಟಿಸಿದ ಮಾಡೆಲ್, ಇದು ಆರ್ಕಿಟೆಕ್ಚರ್ ಕೋರ್ಸಲ್ಲಿ ನನ್ನ ಈ ಸೆಮಿಸ್ಟರಿನ ಸ್ಟುಡಿಯೋ ಪ್ರಾಜೆಕ್ಟ್, ಮಂಗಳೂರು ಉಡುಪಿ ಮಧ್ಯೆ ಇರೋ ಮೂಲ್ಕಿ ಹತ್ರ ಹೈವೇ 66ರ ಬದಿಗೆ ಬಸ್ ತಂಗುದಾಣ. ಕಾಲೇಜಿಂದ ಕೊಟ್ಟ ಬ್ರೀಫಲ್ಲಿ ಇದ್ದದ್ದು ಇಷ್ಟೇ, ಕರ್ವ್ ಇರ್ಬೇಕು, ಸಸ್ಟೈನಬಲ್ ಆಗಿರ್ಬೇಕು. ಕ್ಲಾಸಲ್ಲಿ ತುಂಬಾ ಜನ ಸೀದಾ ಸೋಲಾರ್ ಪ್ಯಾನಲ್, ಹಸಿರು ಗೋಡೆ ಅಂತ ಹೊರಟ್ರು. ಹಾಕ್ಲಿ, ಬೇಡ ಅನ್ನೂದಿಲ್ಲ. ಆದ್ರೆ ನಮ್ಮ ಕಡೆ ಜನ ತಂಗುದಾಣದ ಒಳಗೆ ನಿಲ್ಲೂದೇ ಕಡಿಮೆ ಮಾರಾಯ್ರೆ, ಬೆಂಚು ಖಾಲಿ ಇರ್ತದೆ, ಜನ ಎಲ್ಲ ಹೊರಗೆ ಕೊಡೆ ಹಿಡ್ಕೊಂಡು ರಸ್ತೆ ಅಂಚಲ್ಲಿ. ಯಾಕಂದ್ರೆ ಒಳಗೆ ಕೂತ್ರೆ ಬರೋ ಬಸ್ಸು ಕಾಣೂದಿಲ್ಲ, ಸೈಡಲ್ಲಿ ಗೋಡೆ ಅಡ್ಡ, ನೀವು ಎದ್ದು ಚೀಲ ಎತ್ಕೊಳ್ಳುವಷ್ಟರಲ್ಲಿ ಕಂಡಕ್ಟರ್ ರೈಟ್ ಪೋಯಿ, ಅಂದ್ರೆ ಹೋಗುವ, ಅಂದಾಗಿರ್ತದೆ.

ಹಾಗಾಗಿ ನಾನು ಮೊದ್ಲು ಬಿಡಿಸಿದ್ದು ಕರ್ವ್ ಅಲ್ಲ, ಬಾಣದ ಗುರುತುಗಳು. ಬಸ್ಸು ಯಾವ ಕಡೆಯಿಂದ, ಬಿಸಿಲು ಯಾವ ಕಡೆಯಿಂದ, ಮಳೆ ಯಾವ ಕಡೆಯಿಂದ.

ಇಲ್ಲಿ ರಸ್ತೆ ಹೆಚ್ಚುಕಡಿಮೆ ಉತ್ತರ ದಕ್ಷಿಣ, ಪಶ್ಚಿಮಕ್ಕೆ ಸಮುದ್ರ. ಉಡುಪಿ ಕಡೆ ಹೋಗೋ ಬಸ್ಸು ನಿಲ್ಲೂದು ರಸ್ತೆಯ ಪಶ್ಚಿಮ ಬದಿಗೆ, ಅಂದ್ರೆ ತಂಗುದಾಣದ ಬೆನ್ನು ಸಮುದ್ರಕ್ಕೆ, ಮುಖ ಪೂರ್ವಕ್ಕೆ. ಮಂಗಳೂರಿಗೆ ಹೋಗೋ ಸ್ಟಾಪ್ ಎದುರುಗಡೆ, ಅದರ ಮುಖವೇ ಪಶ್ಚಿಮಕ್ಕೆ. ಈಗ ಏಪ್ರಿಲ್ ಕೊನೇ ವಾರದ ಸಂಜೆ 5 ಗಂಟೆ ತಗೊಳ್ಳಿ, ಸೂರ್ಯ ಸುಮಾರು 24 ಡಿಗ್ರಿ ಎತ್ತರದಲ್ಲಿ ಇರ್ತಾನೆ, 3 ಮೀಟರ್ ಎತ್ತರದ ಚಪ್ಪಟೆ ಮಾಡಿನ, ಅಂದ್ರೆ ಛಾವಣಿಯ, ಅಂಚಿನ ನೆರಳು ಆರೂವರೆ ಮೀಟರ್ ಆಚೆ ಹೋಗಿ ಬೀಳ್ತದೆ. ಮಾಡು ನಿಮ್ಮ ತಲೆ ಮೇಲೆ, ನೆರಳು ಬೇರೆ ಯಾರಿಗೋ. ಅಷ್ಟು ಖರ್ಚು ಮಾಡಿ ಕಟ್ಟಿದ ಮಾಡು ಜನ ನಿಜವಾಗಿ ಕಾಯೋ ಹೊತ್ತಿಗೆ ಕೆಲ್ಸಕ್ಕೆ ಬರೂದಿಲ್ಲ ಅಂದ್ರೆ ಎಂತ ಹೇಳೂದು.

ಮಳೆದೂ ಅದೇ ಕಥೆ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ರ ಬೀಳೋ ಊರುಗಳು ಇವು, ಅದೂ ನೆಟ್ಟಗೆ ಬೀಳೂದಿಲ್ಲ, ನೈಋತ್ಯದಿಂದ ಗಾಳಿ ಜೊತೆ ಅಡ್ಡ ಹೊಡೀತದೆ.

ಅದಕ್ಕೇ ನಾನು ಮಾಡಿದ್ದು ಎರಡು ಬೇರೆ ಬೇರೆ ತಂಗುದಾಣ. ಸಾಮಾನ್ಯವಾಗಿ ಒಂದೇ ಡ್ರಾಯಿಂಗನ್ನ ತಿರುಗಿಸಿ ಎರಡೂ ಬದಿಗೆ ಇಡ್ತಾರೆ, ಫ್ಯಾಬ್ರಿಕೇಶನ್‌ಗೆ ಸುಲಭ ಅಂತ, ಆದ್ರೆ ಸೂರ್ಯ ಏನು ತಿರುಗಿ ಬರ್ತಾನಾ? ಉಡುಪಿ ಕಡೆದ್ರಲ್ಲಿ ಮಾಡು ಮುಂದೆ ಎತ್ತರ, ಹಿಂದಕ್ಕೆ ಬಗ್ತಾ ಬಗ್ತಾ ಮೊಣಕಾಲ ಎತ್ತರಕ್ಕೆ ಇಳೀತದೆ, ಸಂಜೆ ಬಿಸಿಲು ಅಲ್ಲೇ ನಿಲ್ತದೆ, ಕೆಳಗೆ ಬಿಟ್ಟ ಜಾಗದಿಂದ ಸಮುದ್ರದ ಗಾಳಿ ಒಳಗೆ ಬರ್ತದೆ. ಕಷ್ಟ ಇರೂದು ದಕ್ಷಿಣ ತುದೀಲಿ, ಬಸ್ಸು ಬರೂದೂ ಅಲ್ಲಿಂದ, ಮಳೆ ನುಗ್ಗೂದೂ ಅಲ್ಲಿಂದ. ಗೋಡೆ ಹಾಕಿದ್ರೆ ಜನ ಮತ್ತೆ ರಸ್ತೆಗೆ. ಸೋ ಗೋಡೆ ಬದ್ಲು ಆ ಕಡೆ ಮಾಡನ್ನೇ ಮುಂದೆ ಚಾಚಿದ್ದೇನೆ, ಬೆಂಚನ್ನ ಒಳಗೆ ಸರಿಸಿದ್ದೇನೆ. ಸ್ವಲ್ಪ ಒದ್ದೆ ಆಗ್ತದೆ, ಹೌದು, ಆದ್ರೆ ಬಸ್ಸು ಕಾಣ್ತದೆ.

ಮಂಗಳೂರು ಕಡೆದ್ರಲ್ಲಿ ಬಸ್ಸು ಉತ್ತರದಿಂದ ಬರ್ತದೆ, ಹಾಗಾಗಿ ದಕ್ಷಿಣ ತುದಿ ಆರಾಮಾಗಿ ಮುಚ್ಚಬಹುದು. ಅಲ್ಲಿಂದ ಶುರುವಾದ ಕರ್ವ್ ಶಂಖದ ಹಾಗೆ ಮುಂದಕ್ಕೆ ಸುತ್ತಿ ಬಂದು, ಮುಖದ ಅರ್ಧ ಭಾಗಕ್ಕೆ ಜಾಲರಿ ಆಗಿ ನಿಲ್ತದೆ, ಉಳಿದ ಅರ್ಧ ಬಸ್ಸು ಹತ್ತೋದಕ್ಕೆ ತೆರೆದೇ ಇರ್ತದೆ. ಜಾಲರಿ ಹಿಂದೆ ಕೂತವರಿಗೆ ಸಂಜೆ ಬಿಸಿಲು ಮುಖಕ್ಕೆ ಹೊಡಿಯೂದಿಲ್ಲ.

ಕರ್ವ್ ಅಂದ ಕೂಡ್ಲೇ ಎಲ್ರೂ ಸ್ಪೇನಿನ ಆರ್ಕಿಟೆಕ್ಟ್ ಗೌಡಿ ಹೆಸರು ಹೇಳ್ತಾರೆ. ಅವರು ಕೊಲೋನಿಯಾ ಗುಯೆಲ್ ಚರ್ಚಿಗೆ ದಾರ ಇಳಿಬಿಟ್ಟು ಅದಕ್ಕೆ ಸೀಸದ ಗುಂಡಿನ ಚೀಲ ಕಟ್ಟಿ, ಆ ಆಕಾರವನ್ನ ತಲೆಕೆಳಗು ಮಾಡಿ ಕಮಾನು ಕಂಡುಕೊಂಡದ್ದು, ಚಂದದ ವಿಷಯ. ಅಂಥ ಕಮಾನಲ್ಲಿ ಭಾರ ಬರೀ ಒತ್ತೂದು, ಎಳೆಯೂದಿಲ್ಲ, ಹಾಗಾಗಿ ಅದನ್ನ ಮಣ್ಣಿನ ಬ್ಲಾಕಲ್ಲೇ ಕಟ್ಟಬಹುದು, ಸ್ಟೀಲ್ ಹೆಚ್ಚು ಬೇಡ. ಆದ್ರೆ ಕಮಾನಿಗೆ ಎರಡು ಕಾಲು ಬೇಕಲ್ಲ? ಒಂದು ಹಿಂದೆ ಇಟ್ರೆ ಇನ್ನೊಂದು ಜನ ಬಸ್ಸು ಹತ್ತೋ ಜಾಗದಲ್ಲೇ ಬರ್ತದೆ, ಅಡ್ಡ ತಿರುಗಿಸಿದ್ರೆ ಬಸ್ಸು ಬರೋ ಕಡೆಗೇ ಗೋಡೆ. ಅದಕ್ಕೆ ಆ ಆಸೆ ಬಿಟ್ಟು ಬಗ್ಗಿಸಿದ ಸ್ಟೀಲ್ ಪೈಪಿನ ಪಕ್ಕೆಲುಬುಗಳಿಗೆ ಬಂದೆ. ವೆಲ್ಡಿಂಗ್ ಎಲ್ಲ ಮುಗಿದ ಮೇಲೇ ಗ್ಯಾಲ್ವನೈಸ್, ಅಂದ್ರೆ ಸತುವಿನ ಲೇಪ, ಮಾಡ್ಬೇಕು, ಮೊದ್ಲೇ ಮಾಡಿದ ಪೈಪ್ ತಂದು ವೆಲ್ಡ್ ಮಾಡಿದ್ರೆ ಆ ಜಾಯಿಂಟಲ್ಲಿ ಲೇಪ ಸುಟ್ಟು ಹೋಗ್ತದೆ, ಉಪ್ಪು ಗಾಳಿಗೆ ತುಕ್ಕು ಅಲ್ಲಿಂದಲೇ ಶುರು.

ಹಂಚಿನ ವಿಷಯ ಕಾಮೆಂಟಲ್ಲಿ ಬಂದೇ ಬರ್ತದೆ ಅಂತ ಗೊತ್ತು, ಮಂಗಳೂರಿನವ್ರಾಗಿ ಹಂಚು ಹಾಕದೆ ಹೇಗೆ ಅಂತ. ಹಾಕಿದ್ದೇನೆ, ಆದ್ರೆ ಎಲ್ಲಾ ಕಡೆ ಅಲ್ಲ. ಹಂಚಿಗೆ ಚೆನ್ನಾಗಿ ಇಳಿಜಾರು ಬೇಕು, ಕರ್ವ್ ಮೇಲ್ಗಡೆ ಚಪ್ಪಟೆ ಆಗ್ತಾ ಬರೋ ಕಡೆ ಗಾಳಿ ನೀರನ್ನ ಸಂದಿಯೊಳಗೆ ಹಿಂದಕ್ಕೆ ತಳ್ತದೆ, ಜಾಸ್ತಿ ಬಗ್ಗಿದ ಕಡೆ ಒಂದು ಹಂಚು ಇನ್ನೊಂದರ ಮೇಲೆ ಸರಿಯಾಗಿ ಕೂರೂದೂ ಇಲ್ಲ. ಹಾಗಾಗಿ ಹಿಂದೆ ಕಡಿದಾಗಿ, ಸುಮಾರು ನೇರ ಇಳಿಯೋ ಭಾಗಕ್ಕೆ ಮಾತ್ರ ಹಳೇ ಮನೆ ಕೆಡವಿದಾಗ ಸಿಗೋ ಹಂಚು, ಮೇಲೆ ಬಗ್ಗಿಸಿದ ಶೀಟು. ಶೀಟಿನ ಕಾವು, ಮಳೆ ಸದ್ದು ಎರಡೂ ಕಡಿಮೆ ಆಗ್ಲಿ ಅಂತ ಒಳಗಡೆ ಅಡಿಕೆ ದಬ್ಬೆ, ಅಂದ್ರೆ ಅಡಿಕೆ ಮರದ ಸೀಳು. ಅಡಿಕೆ ದಬ್ಬೆ ತೆಳ್ಳಗೆ ಸೀಳಿದ್ರೆ ಆ ಬಾಗಿಗೆ ತಾನೇ ಬಗ್ತದೆ, ಒಂದು ಹಾಳಾದ್ರೆ ಪಕ್ಕದ ತೋಟದಿಂದಲೇ ಇನ್ನೊಂದು ತಂದು ಕಟ್ಟಬಹುದು. ನನ್ನ ಲೆಕ್ಕದಲ್ಲಿ ಸಸ್ಟೈನಬಲ್ ಅಂದ್ರೆ ಅಷ್ಟೇ, ಊರಿನವ್ರೇ ರಿಪೇರಿ ಮಾಡೋ ಹಾಗಿರ್ಬೇಕು.

ಇನ್ನು ಜಾಹೀರಾತು. ದುಡ್ಡು ಬರೂದು ಅದ್ರಿಂದ ಅಂದ್ಮೇಲೆ ಅದಕ್ಕೆ ಜಾಗ ಕೊಡದೆ ಆಗೂದಿಲ್ಲ, ಬೆನ್ನಿಗೆ ಫ್ಲೆಕ್ಸ್ ಕಟ್ಟಿದ್ರೆ ಮಾತ್ರ ಗಾಳಿ ಕಥೆ ಮುಗೀತು. ಅದನ್ನ ಬಸ್ಸು ಹೋಗೋ ದಿಕ್ಕಿನ ಕೊನೇ ತುದಿಗೆ ಹಾಕಿದ್ದೇನೆ, ಉಡುಪಿ ಕಡೆದಕ್ಕೆ ಉತ್ತರ ತುದಿ, ಮಂಗಳೂರು ಕಡೆದಕ್ಕೆ ದಕ್ಷಿಣ ತುದಿ. ಆ ತುದಿ ಮುಚ್ಚಿದ್ರೂ ಬಸ್ಸು ನೋಡ್ಲಿಕ್ಕೆ ಅಡ್ಡ ಆಗೂದಿಲ್ಲ, ಬರೋ ಗಾಡಿಯವ್ರಿಗೆ ಅದು ಎದುರಿಗೇ ಕಾಣ್ತದೆ. ನಾಡಿದ್ದು ಜ್ಯೂರಿ, ಅಂದ್ರೆ ಡಿಸೈನ್ ನೋಡಿ ಪ್ರಶ್ನೆ ಕೇಳೋ ಪರೀಕ್ಷೆ. ಒಂದೇ ಸ್ಟಾಪಿಗೆ ಎರಡು ಡಿಸೈನಾ, ಖರ್ಚು ಡಬಲ್ ಅಲ್ವಾ ಅಂತ ಕೇಳೇ ಕೇಳ್ತಾರೆ, ಅದಕ್ಕೆ ಪಕ್ಕೆಲುಬಿನ ಬಾಗು ಎರಡರಲ್ಲೂ ಒಂದೇ ಇಟ್ಟಿದ್ದೇನೆ, ಪೈಪ್ ಬೆಂಡಿಂಗಿನವ್ರಿಗೆ ಒಂದೇ ಅಳತೆ, ಜೋಡಿಸೂದು ಮಾತ್ರ ಬೇರೆ. ಉಳಿದ ಪ್ರಶ್ನೆಗಳನ್ನ ಕೆಳಗೆ ಹಾಕಿ, ಈಗ ನನಗೆ ಸೆಕ್ಷನ್ ಡ್ರಾಯಿಂಗ್ ಮುಗಿಸ್ಲಿಕ್ಕೆ ಉಂಟು.